ಕ್ಷುದ್ರಗ್ರಹಕ್ಕೆ ವಿಜ್ಞಾನಿಯ ಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆ, ಲೈಬ್ರರಿ, ಹವ್ಯಾಸಿ ಸಂಘ ಅಂತ ಆಕಾಶದ ಬಗ್ಗೆ ಮಾತಾಡಲು ಹೋದಲ್ಲೆಲ್ಲ ಎರಡು ಪ್ರಶ್ನೆ ಬಂದೇ ಬರುತ್ತವೆ. ಒಂದು, ಕಪ್ಪುಕುಳಿಗೆ ಬಿದ್ದರೆ ಏನಾಗುತ್ತೆ. ಇನ್ನೊಂದು, ಇಂಥವರ ಹೆಸರನ್ನು ಆಕಾಶದ ಕಲ್ಲಿಗೆ ಇಟ್ಟರಂತೆ, ಅದು ಹೇಗೆ. ಮೊದಲನೆಯದಕ್ಕೆ ಉತ್ತರ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಎರಡನೆಯದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಬುಡದಿಂದ ಶುರು

ಸಾರ್, ಕ್ಷುದ್ರ ಅಂದ್ರೆ ಕೀಳು ಅಂತಲ್ವಾ? ದೊಡ್ಡ ವಿಜ್ಞಾನಿ ಹೆಸರನ್ನ ಅಂಥದ್ದಕ್ಕೆ ಇಡೋದು ಅವಮಾನ ಅಲ್ವಾ?

ಈ ಪ್ರಶ್ನೆ ಕನ್ನಡದಲ್ಲಿ ಮಾತ್ರ ಹುಟ್ಟಲು ಸಾಧ್ಯ ಅನ್ನಿಸುತ್ತದೆ. ಕ್ಷುದ್ರ ಅನ್ನುವುದಕ್ಕೆ ಚಿಕ್ಕದು ಅನ್ನುವ ಅರ್ಥವೂ ಇದೆ, ಕೀಳು ಅನ್ನುವ ಅರ್ಥವೂ ಇದೆ. ಮಾಟ ಮಂತ್ರದ ಸುದ್ದಿ ಕೇಳಿ ಕೇಳಿ ನಮಗೆ ಎರಡನೆಯದೇ ಮೊದಲು ನೆನಪಾಗುತ್ತದೆ. ಇಲ್ಲಿ ಮಾತ್ರ ಅರ್ಥ ಬರೀ 'ಚಿಕ್ಕ' ಅಂತ. ಚಿಕ್ಕ ಗ್ರಹ, ಅಷ್ಟೇ.

ಇಂಗ್ಲಿಷಿನ ಆಸ್ಟೆರಾಯ್ಡ್ ಅನ್ನುವ ಪದವನ್ನು ಬಳಕೆಗೆ ತಂದವರು ವಿಲಿಯಂ ಹರ್ಷೆಲ್, 1802ರಲ್ಲಿ. ನಕ್ಷತ್ರದ ಹಾಗೆ ಕಾಣುವುದು ಅಂತ ಅದರ ಅರ್ಥ. ದೂರದರ್ಶಕದಲ್ಲಿ ಗುರು, ಶನಿ ತಟ್ಟೆಯ ಹಾಗೆ ಕಂಡರೆ ಇವು ಎಷ್ಟು ಹಿಗ್ಗಿಸಿದರೂ ಚುಕ್ಕಿಯಾಗಿಯೇ ಉಳಿಯುತ್ತಿದ್ದವು. ಮೊದಲನೆಯದಾದ ಸೀರಿಸ್ 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೊದಲ್ಲಿ ಗ್ಯುಸೆಪ್ಪೆ ಪಿಯಾಜ್ಜಿ ಅವರ ಕಣ್ಣಿಗೆ ಬಿತ್ತು. ಅವರು ಇಟ್ಟ ಪೂರ್ತಿ ಹೆಸರು ಸೀರಿಸ್ ಫೆರ್ಡಿನಾಂಡಿಯ. ಅನ್ನ ಹಾಕುವ ದೊರೆ ಫೆರ್ಡಿನಾಂಡ್ ಹೆಸರೂ ಇರಲಿ ಅಂತ. ಬೇರೆ ದೇಶದವರು ದೊರೆಯನ್ನು ಕೈಬಿಟ್ಟು ಸೀರಿಸ್ ಅನ್ನುವ ರೋಮನ್ ದೇವತೆಯನ್ನು ಮಾತ್ರ ಇಟ್ಟುಕೊಂಡರು. ಹೆಸರಿನ ಜಗಳ ಮೊದಲ ಕಲ್ಲಿನಿಂದಲೇ ಶುರುವಾಗಿದೆ ನೋಡಿ.

1958 ಚಂದ್ರ ಅಂತ ಒಂದು ಇದೆಯಂತೆ. ಅದು 1958ರಲ್ಲಿ ಇಟ್ಟ ಹೆಸರಾ? ಚಂದ್ರ ಅಂತ ಯಾಕೆ ಇಟ್ಟರು?

ಎರಡೂ ಅಲ್ಲ! ನಾನೊಮ್ಮೆ ಬೋರ್ಡಿನ ಮೇಲೆ ಇದನ್ನು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೆ. ಅರ್ಧ ತರಗತಿ ಇಸವಿ ಅಂದುಕೊಂಡಿತ್ತು, ಇನ್ನರ್ಧ ನಮ್ಮ ಚಂದಮಾಮ ಅಂದುಕೊಂಡಿತ್ತು.

1958 ಅನ್ನುವುದು ಕ್ರಮಸಂಖ್ಯೆ. ಕಕ್ಷೆ ಖಚಿತವಾದ ಕ್ಷುದ್ರಗ್ರಹಗಳಿಗೆ ಸಾಲಾಗಿ ಕೊಡುವ ನಂಬರಿನಲ್ಲಿ ಇದು 1958ನೆಯದು. ಇದು ಪತ್ತೆಯಾಗಿದ್ದು 1970ರಲ್ಲಿ, ಅರ್ಜೆಂಟೀನಾದ ಎಲ್ ಲಿಯೊನ್ಸಿಟೊದಲ್ಲಿ. ಚಂದ್ರ ಅಂದರೆ ಸುಬ್ರಹ್ಮಣ್ಯನ್ ಚಂದ್ರಶೇಖರ್. ನಕ್ಷತ್ರಗಳ ಕೊನೆಗಾಲದ ಲೆಕ್ಕ ಹಾಕಿದವರು, 1983ರ ನೊಬೆಲ್ ಪಡೆದವರು, ಸಿ.ವಿ. ರಾಮನ್ ಅವರ ಅಣ್ಣನ ಮಗ. ಅಮೆರಿಕದ ಗೆಳೆಯರು ಅವರನ್ನು ಕರೆಯುತ್ತಿದ್ದದ್ದೇ ಚಂದ್ರ ಅಂತ. ನಾಸಾದ ಎಕ್ಸ್-ರೇ ದೂರದರ್ಶಕಕ್ಕೂ ಅದೇ ಹೆಸರು.

ಒಂದು ಹೆಸರಿಡೋಕೆ ಎಷ್ಟು ಖರ್ಚಾಗುತ್ತೆ?

ಈಗ ಒಂದು ಪೈಸೆಯೂ ಇಲ್ಲ. ಮಾರುವುದಕ್ಕೂ ಇಲ್ಲ, ಕೊಳ್ಳುವುದಕ್ಕೂ ಇಲ್ಲ. ಕಂಡುಹಿಡಿದವರು ಪ್ರೀತಿಯಿಂದ ಸೂಚಿಸುತ್ತಾರೆ, ಒಂದು ಸಮಿತಿ ಒಪ್ಪುತ್ತದೆ. ಯಾರಾದರೂ ದುಡ್ಡು ಕೇಳಿದರೆ ಅಲ್ಲೇ ಎದ್ದು ಬನ್ನಿ.

ಆದರೆ ಹಿಂದೆ ಒಮ್ಮೆ ದುಡ್ಡಿಗೆ ಹೆಸರು ಹೋಗಿದೆ, ಕತೆ ಚೆನ್ನಾಗಿದೆ. ವಿಯೆನ್ನಾದಲ್ಲಿ ಯೊಹಾನ್ ಪಾಲಿಸಾ ಅಂತ ಒಬ್ಬರಿದ್ದರು. ಕಣ್ಣನ್ನೇ ದೂರದರ್ಶಕಕ್ಕೆ ಹಚ್ಚಿ ನೂರಕ್ಕೂ ಹೆಚ್ಚು ಕ್ಷುದ್ರಗ್ರಹ ಹಿಡಿದವರು. 1886ರ ಆಗಸ್ಟಿನ ಪೂರ್ಣ ಸೂರ್ಯಗ್ರಹಣ ನೋಡಲು ಹೋಗಬೇಕು, ಕೈಯಲ್ಲಿ ಕಾಸಿಲ್ಲ. ತಮ್ಮ ಹೊಸ ಕ್ಷುದ್ರಗ್ರಹದ ಹೆಸರಿನ ಹಕ್ಕು 50 ಪೌಂಡಿಗೆ ಸಿಗುತ್ತದೆ ಅಂತ 1885ರಲ್ಲಿ ಖಗೋಳ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟೇಬಿಟ್ಟರು. ಶ್ರೀಮಂತ ಆಲ್ಬರ್ಟ್ ರೋತ್‌ಶೀಲ್ಡ್ ಕೊಂಡು ಹೆಂಡತಿಯ ಹೆಸರಿಡಿಸಿದರು. ಅದೇ 250 ಬೆಟ್ಟಿನಾ. ಮುಂದೆ 1911ರಲ್ಲಿ ಆಲ್ಬರ್ಟ್ ತೀರಿಕೊಂಡರು. ಅದೇ ವರ್ಷ ಪಾಲಿಸಾಗೆ ಇನ್ನೊಂದು ಕಲ್ಲು ಸಿಕ್ಕಿತು. ಅದಕ್ಕೆ ಅವರ ಹೆಸರನ್ನೇ ಇಟ್ಟರು, 719 ಆಲ್ಬರ್ಟ್. ಅದಕ್ಕೆ ಮುಂದೇನಾಯಿತು ಅನ್ನುವುದು ಕೆಳಗೆ ಬೇರೆ ಪ್ರಶ್ನೆಯಲ್ಲಿ ಬರುತ್ತದೆ.

ಮಗಳ ಹುಟ್ಟುಹಬ್ಬಕ್ಕೆ ಆನ್‌ಲೈನ್‌ನಲ್ಲಿ ಒಂದು ನಕ್ಷತ್ರಕ್ಕೆ ಅವಳ ಹೆಸರಿಟ್ಟು ಸರ್ಟಿಫಿಕೇಟ್ ತರಿಸಿದೀನಿ. ಅದೂ ಇದೂ ಒಂದೇ ಅಲ್ವಾ?

ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಹತ್ತಿರ ಇರುವುದು ಚೆಂದದ ಒಂದು ಕಾಗದ. ಖಗೋಳ ವಿಜ್ಞಾನಿಗಳ ಯಾವ ಪಟ್ಟಿಯಲ್ಲೂ ಆ ಹೆಸರು ಇರುವುದಿಲ್ಲ. ಅದೇ ನಕ್ಷತ್ರವನ್ನು ಇನ್ನೊಂದು ಕಂಪನಿ ಇನ್ನೊಬ್ಬರ ಮಗಳಿಗೆ ಮಾರಿರಲೂಬಹುದು.

ನಕ್ಷತ್ರಕ್ಕೆ ಅಧಿಕೃತವಾಗಿ ಹೆಸರು ಬರುವುದೂ ಉಂಟು, ತೀರಾ ಅಪರೂಪಕ್ಕೆ. ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ 2019ರಲ್ಲಿ ಒಂದೊಂದು ದೇಶಕ್ಕೆ ಒಂದೊಂದು ನಕ್ಷತ್ರ, ಅದರ ಸುತ್ತಲಿನ ಒಂದು ಗ್ರಹ ಕೊಟ್ಟು ಹೆಸರು ಆರಿಸಿ ಅಂದಿತು. ನಮ್ಮ ದೇಶದ ಪಾಲಿಗೆ ಬಂದ ನಕ್ಷತ್ರಕ್ಕೆ ಭೌತವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ 'ಬಿಭಾ' ಅಂತಲೇ ಹೆಸರಾಯಿತು. ಗ್ರಹಕ್ಕೆ 'ಸಂತಮಸ'.

ಹೆಸರಿಟ್ಟರೆ ಆ ಕಲ್ಲು ಅವರ ಆಸ್ತಿ ಆಗುತ್ತಾ? ಮುಂದೆ ಚಿನ್ನ ಸಿಕ್ಕರೆ?

ಇಲ್ಲ. ಊರಿನ ರಸ್ತೆಗೆ ನಿಮ್ಮ ತಾತನ ಹೆಸರಿಟ್ಟರೆ ರಸ್ತೆ ನಿಮ್ಮದಾಗುತ್ತದೆಯೇ? ಹಾಗೆಯೇ ಇದೂ.

## ಹೆಸರು ಹುಟ್ಟುವ ದಾರಿ

ಇದನ್ನೆಲ್ಲ ಯಾರು ತೀರ್ಮಾನ ಮಾಡ್ತಾರೆ? ನಾಸಾದವರಾ?

ಪತ್ರಿಕೆಗಳಲ್ಲಿ 'ನಾಸಾ ಹೆಸರಿಟ್ಟಿದೆ' ಅಂತ ಬಂದಿರುತ್ತದೆ. ನಾಸಾ ಇಡುವುದಿಲ್ಲ. ಈ ಕೆಲಸ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ್ದು. ಅದರೊಳಗೆ ಸಣ್ಣ ಕಾಯಗಳ ಹೆಸರಿಗಾಗಿಯೇ ಒಂದು ತಂಡವಿದೆ. ಬೇರೆ ಬೇರೆ ದೇಶಗಳ ಹತ್ತು ಹದಿನೈದು ಖಗೋಳಜ್ಞರು.

ದಾರಿ ಹೀಗೆ. ಯಾರೋ ಚಲಿಸುವ ಚುಕ್ಕಿಯೊಂದನ್ನು ಕಾಣುತ್ತಾರೆ. ಅಳತೆಗಳನ್ನು ಅಮೆರಿಕದ ಕೇಂಬ್ರಿಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್‌ಗೆ ಕಳಿಸುತ್ತಾರೆ. ಅದು ಹೊಸದು ಅಂತಾದರೆ ತಾತ್ಕಾಲಿಕ ಗುರುತು ಸಿಗುತ್ತದೆ. ವರ್ಷಗಟ್ಟಲೆ ಹಿಂಬಾಲಿಸಿ ಕಕ್ಷೆ ಗಟ್ಟಿಯಾದ ಮೇಲೆ ಕಾಯಂ ನಂಬರು. ಆಮೇಲೆ, ಅದನ್ನು ಕಂಡುಹಿಡಿದವರಿಗೆ ಹೆಸರು ಸೂಚಿಸುವ ಹಕ್ಕು. ಹತ್ತು ವರ್ಷದವರೆಗೆ ಆ ಹಕ್ಕು ಅವರದೇ. ಹೆಸರಿನ ಜೊತೆಗೆ ಯಾಕೆ ಈ ಹೆಸರು ಅಂತ ಮೂರ್ನಾಲ್ಕು ಸಾಲಿನ ಟಿಪ್ಪಣಿ ಬರೆದು ಕಳಿಸಬೇಕು. ತಂಡ ಮತ ಹಾಕುತ್ತದೆ. ಒಪ್ಪಿದರೆ ತಮ್ಮ ಬುಲೆಟಿನ್‌ನಲ್ಲಿ ಅಚ್ಚು ಮಾಡುತ್ತದೆ. ಅಚ್ಚಾದ ಕ್ಷಣದಿಂದ ಅದು ಹೆಸರು.

ನನಗೆ ಕೇಳಿದರೆ ಇದರಲ್ಲೆಲ್ಲ ಬೆಲೆಯುಳ್ಳದ್ದು ಆ ಮೂರ್ನಾಲ್ಕು ಸಾಲು. ಬರೀ ಹೆಸರು ಸಾವಿರಾರು ಹೆಸರುಗಳಲ್ಲಿ ಒಂದಾಗಿ ಕಳೆದುಹೋಗುತ್ತದೆ. ಈ ಮನುಷ್ಯ ಏನು ಮಾಡಿದರು ಅನ್ನುವುದು ಮಾತ್ರ ಆ ಟಿಪ್ಪಣಿಯಲ್ಲಿ ಉಳಿಯುತ್ತದೆ. ಯಾರದಾದರೂ ಹೆಸರು ಬಂತು ಅಂತ ಸುದ್ದಿ ಕೇಳಿದರೆ ನಾನು ಮೊದಲು ಹುಡುಕುವುದು ಅದನ್ನೇ.

'1988 ಡಿಕ್ಯೂ1' ಅಂತ ಬೈಕ್ ನಂಬರ್ ಥರ ಬರೀತಾರಲ್ಲ, ಅದು ಏನು?

ಒಳ್ಳೆಯ ಹೋಲಿಕೆ. ಅದು ನಿಜಕ್ಕೂ ತಾತ್ಕಾಲಿಕ ರಿಜಿಸ್ಟ್ರೇಷನ್ ಇದ್ದ ಹಾಗೆ.

1988 ಅಂದರೆ ಪತ್ತೆಯಾದ ವರ್ಷ. ಆಮೇಲಿನ ಮೊದಲ ಅಕ್ಷರ ತಿಂಗಳ ಯಾವ ಅರ್ಧ ಅನ್ನುವುದು. ಜನವರಿಯ ಮೊದಲ 15 ದಿನ 'ಎ', ಉಳಿದದ್ದು 'ಬಿ', ಫೆಬ್ರವರಿಯ ಮೊದಲರ್ಧ 'ಸಿ', ಎರಡನೆಯದು 'ಡಿ'. ಹೀಗೆ ಡಿಸೆಂಬರ್ ಕೊನೆಗೆ 'ವೈ'. ನಡುವೆ 'ಐ' ಅಕ್ಷರವನ್ನು ಬಿಡುತ್ತಾರೆ, ಒಂದು ಅನ್ನುವ ಅಂಕಿಯ ಜೊತೆ ಗೊಂದಲ ಬೇಡ ಅಂತ. ಎರಡನೆಯ ಅಕ್ಷರ ಆ ಅರ್ಧ ತಿಂಗಳಲ್ಲಿ ಎಷ್ಟನೆಯದು ಅಂತ ಹೇಳುತ್ತದೆ. 'ಐ' ಬಿಟ್ಟರೆ 25 ಅಕ್ಷರ. 25 ಮುಗಿದರೆ ಮತ್ತೆ ಮೊದಲಿನಿಂದ, ಕೊನೆಯಲ್ಲಿ 1 ಸೇರಿಸಿ. 'ಕ್ಯೂ' 16ನೆಯ ಅಕ್ಷರ. ಹಾಗಾದರೆ 25ಕ್ಕೆ 16 ಸೇರಿಸಿ, 41. ಅಂದರೆ 1988ರ ಫೆಬ್ರವರಿಯ ಎರಡನೇ ಅರ್ಧದಲ್ಲಿ ಗುರುತು ಪಡೆದ 41ನೆಯದು. ಇದೇ ಮುಂದೆ 4130 ರಾಮಾನುಜನ್ ಆಯಿತು.

ಬೆನ್ನು ಅನ್ನುವ ಪ್ರಸಿದ್ಧ ಕ್ಷುದ್ರಗ್ರಹದ ತಾತ್ಕಾಲಿಕ ಗುರುತು 1999 ಆರ್‌ಕ್ಯೂ36. ಲೆಕ್ಕ ಹಾಕಿ ನೋಡಿ. ಸೆಪ್ಟೆಂಬರಿನ ಮೊದಲರ್ಧದಲ್ಲಿ 916ನೆಯದು ಅಂತ ಬಂದರೆ ನೀವು ಪಾಸು.

ಕಂಡ ಕೂಡಲೇ ಹೆಸರಿಟ್ಟುಬಿಟ್ಟರೆ ಆಯ್ತಪ್ಪ. ಇಷ್ಟು ವರ್ಷ ಯಾಕೆ ಕಾಯ್ಬೇಕು?

ಹಾಗೆ ಇಟ್ಟು ಪೇಚಿಗೆ ಸಿಕ್ಕಿದ್ದಾರೆ, ಅದಕ್ಕೇ.

719 ಆಲ್ಬರ್ಟ್ ನೆನಪಿದೆ ಅಲ್ವಾ? ಪಾಲಿಸಾ ಅದನ್ನು 1911ರಲ್ಲಿ ಕಂಡರು. ಕೆಲವೇ ದಿನ ನೋಡಿದರು, ಆಮೇಲೆ ಮಾಯ. ಕೈಯಲ್ಲಿದ್ದ ಅಳತೆ ಸಾಲದೆ ಕಕ್ಷೆಯ ಲೆಕ್ಕ ಸಡಿಲವಾಗಿತ್ತು. ಹೆಸರಿದೆ, ನಂಬರಿದೆ, ಕಲ್ಲೇ ಇಲ್ಲ! ಅದು ಮತ್ತೆ ಸಿಕ್ಕಿದ್ದು 2000ದಲ್ಲಿ, 89 ವರ್ಷದ ಮೇಲೆ. 50 ಪೌಂಡ್ ಕೊಟ್ಟ ಬೆಟ್ಟಿನಾ ಎಲ್ಲೂ ಹೋಗಲಿಲ್ಲ, ಪುಕ್ಕಟೆ ಬಂದ ಆಲ್ಬರ್ಟ್ ಕಳೆದುಹೋದ.

ಇದಕ್ಕಿಂತ ಗೋಜಲು ಚೀನಾದ ಕತೆ. 1928ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಝಾಂಗ್ ಯೂಝೆ ಒಂದು ಕ್ಷುದ್ರಗ್ರಹ ಕಂಡುಹಿಡಿದು ತನ್ನ ದೇಶದ ನೆನಪಿಗೆ 1125 ಚೀನಾ ಅಂತ ಹೆಸರಿಟ್ಟರು. ಅದೂ ಕಳೆದುಹೋಯಿತು. 1957ರಲ್ಲಿ ಚೀನಾದಿಂದಲೇ ಇನ್ನೊಂದು ಸಿಕ್ಕಿತು. ಸರಿ, ಹಳೆಯದು ಹೇಗೂ ಇಲ್ಲ ಅಂತ ಆ ನಂಬರು, ಹೆಸರು ಎರಡನ್ನೂ ಝಾಂಗ್ ಅವರ ಒಪ್ಪಿಗೆಯ ಮೇಲೆ ಇದಕ್ಕೆ ಕೊಟ್ಟರು. 1986ರಲ್ಲಿ ಹಳೆಯದು ಪ್ರತ್ಯಕ್ಷ! ಈಗ ಅದಕ್ಕೆ ಏನು ಮಾಡುವುದು? 3789 ಝೊಂಗ್‌ಗುಒ ಅಂತ ಹೊಸ ಹೆಸರು ಬಂತು. ಅದು ಚೀನೀ ಭಾಷೆಯಲ್ಲಿ ಚೀನಾ ಅಂತಲೇ.

ಅದಕ್ಕೇ ಈಗ ಗಟ್ಟಿ ನಿಯಮ. ಸಾಮಾನ್ಯವಾಗಿ ಸೂರ್ಯನ ಎದುರು ದಿಕ್ಕಿಗೆ ಬಂದಾಗಲೆಲ್ಲ ಒಮ್ಮೆ ನೋಡಿ, ಹಾಗೆ ನಾಲ್ಕು ಸಲವಾದರೂ ನೋಡಿ, ಮುಂದೆ ಎಲ್ಲಿರುತ್ತದೆ ಅಂತ ಖಚಿತವಾಗಿ ಹೇಳಲು ಬಂದ ಮೇಲೇ ನಂಬರು. ನಂಬರಿಲ್ಲದೆ ಹೆಸರಿಲ್ಲ.

ಯಾರ ಹೆಸರು ಬೇಕಾದ್ರೂ ಇಡಬಹುದಾ? ನಮ್ಮ ಎಮ್ಮೆಲ್ಲೆ? ನಮ್ಮ ನಾಯಿ?

ಎಮ್ಮೆಲ್ಲೆ ಕಾಯಬೇಕು. ರಾಜಕೀಯದಿಂದ ಅಥವಾ ಯುದ್ಧದಿಂದ ಹೆಸರಾದವರಿಗೆ ಅವರು ತೀರಿಕೊಂಡು 100 ವರ್ಷ ಕಳೆಯುವವರೆಗೆ ಇಲ್ಲ. ಕಂಪನಿ, ಸಾಮಾನುಗಳ ಹೆಸರು ಯಾವತ್ತೂ ಇಲ್ಲ. ಸಾಕುಪ್ರಾಣಿಯ ಹೆಸರು ಬೇಡ ಅನ್ನುತ್ತಾರೆ. ಇದಕ್ಕೆ ಕಾರಣ ಒಂದು ಬೆಕ್ಕು. 1971ರಲ್ಲಿ ಸಿಕ್ಕಿದ 2309 ಕ್ಷುದ್ರಗ್ರಹಕ್ಕೆ ಕಂಡವರು ತಮ್ಮ ಬೆಕ್ಕಿನ ಹೆಸರು ಮಿಸ್ಟರ್ ಸ್ಪಾಕ್ ಅಂತ ಇಟ್ಟರು. ಹೆಸರು ಉಳಿಯಿತು, ಆದರೆ ಇನ್ನು ಮುಂದೆ ಇಂಥದ್ದು ಬೇಡ ಅನ್ನುವ ಮಾತೂ ಬಂತು.

ಉಳಿದ ನಿಯಮಗಳು ನೀರಸ: ಓದಲು ಬರಬೇಕು, ಯಾರಿಗೂ ನೋವಾಗಬಾರದು, ಈಗಿರುವ ಹೆಸರನ್ನು ತೀರಾ ಹೋಲಬಾರದು.

ನಮ್ಮ ಕಡೆಯ ಹೆಸರುಗಳು ಉದ್ದ ಇರ್ತಾವೆ. ಹಿಡಿಸುತ್ತಾ? ಕನ್ನಡದಲ್ಲೇ ಬರೆಯಬಹುದಾ?

ಬರೆಯುವುದು ರೋಮನ್ ಅಕ್ಷರದಲ್ಲೇ, ಖಾಲಿ ಜಾಗವೂ ಸೇರಿ 16 ಅಕ್ಷರದೊಳಗೆ. ಒಂದೇ ಪದವಾದರೆ ಒಳ್ಳೆಯದು. ಉದಾಹರಣೆಗೆ ಮೋಕ್ಷಗುಂಡಂ ವಿಶ್ವೇಶ್ವರಯ್ಯ ಅಂತ ಪೂರ್ತಿ ಬರೆದರೆ 25 ಆಗುತ್ತದೆ. ಬರೀ ವಿಶ್ವೇಶ್ವರಯ್ಯ ಆದರೆ 12, ಸರಾಗ. ಸಮಸ್ಯೆ ಉದ್ದದ್ದಲ್ಲ, ಗಿಡ್ಡದ್ದು. ರಾವ್, ಭಟ್, ಶೆಟ್ಟಿ ಅಂತ ಒಬ್ಬರಿಗೆ ಕೊಟ್ಟರೆ ಮುಂದಿನವರಿಗೆ ಏನು ಮಾಡುವುದು? ಅದಕ್ಕೇ ಹೆಸರು, ಮನೆತನ ಎರಡನ್ನೂ ಅಂಟಿಸಿಬಿಡುತ್ತಾರೆ. ಕಲ್ಪನಾ ಚಾವ್ಲಾ ಅವರದು 51826 ಕಲ್ಪನಾಚಾವ್ಲಾ. 2003ರ ಕೊಲಂಬಿಯಾ ಗಗನನೌಕೆಯ ದುರಂತದಲ್ಲಿ ಹೋದ ಏಳೂ ಜನಕ್ಕೆ 51823ರಿಂದ 51829ರವರೆಗೆ ಒಂದರ ಪಕ್ಕ ಒಂದು ನಂಬರಿನ ಕ್ಷುದ್ರಗ್ರಹ ಕೊಟ್ಟರು. ಎಲ್ಲವೂ ಹೀಗೇ ಅಂಟಿಸಿದ ಹೆಸರು.

ಬದುಕಿರೋರ ಹೆಸರಿಡಬಹುದಾ? ಅಪಶಕುನ ಅಲ್ವಾ?

ಧಾರಾಳವಾಗಿ ಇಡಬಹುದು. ವಿಜ್ಞಾನಿಗಳೇ ಆಗಬೇಕು ಅಂತಲೂ ಇಲ್ಲ. ಚೆಸ್ ಆಟಗಾರ ವಿಶ್ವನಾಥನ್ ಆನಂದ್ ಹೆಸರು 2015ರಲ್ಲಿ 4538 ವಿಶಿಆನಂದ್ ಅಂತ ಬಂತು. ಪಂಡಿತ್ ಜಸ್‌ರಾಜ್ ಅವರದು ಇನ್ನೂ ಸೊಗಸು. ಅವರು ಹುಟ್ಟಿದ್ದು 1930ರ ಜನವರಿ 28. ತಿರುಗಿಸಿ ಬರೆದರೆ 30-01-28. ಅವರ ಕ್ಷುದ್ರಗ್ರಹದ ನಂಬರು 300128. ಅದು ಘೋಷಣೆಯಾದಾಗ, 2019ರಲ್ಲಿ, ಅವರು ಇದ್ದರು.

## ಯಾರ್ಯಾರ ಹೆಸರು

ಮೊದಲು ಹೆಸರು ಸಿಕ್ಕಿದ ವಿಜ್ಞಾನಿ ಯಾರು?

ಶುರುವಿನಲ್ಲಿ ಗ್ರೀಕ್, ರೋಮನ್ ದೇವತೆಗಳದೇ ಕಾರುಬಾರು. ಅದೂ ಹೆಣ್ಣು ಹೆಸರುಗಳು. 1858ರಲ್ಲಿ ಪ್ಯಾರಿಸ್ಸಿನಲ್ಲಿ ಸಿಕ್ಕಿದ 54ನೆಯದಕ್ಕೆ ಜರ್ಮನಿಯ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ಹೆಸರಿಡಬೇಕು ಅನ್ನಿಸಿತು. ಆದರೆ ಗಂಡು ಹೆಸರು ಇಡುವ ರೂಢಿ ಇಲ್ಲವಲ್ಲ! 54 ಅಲೆಕ್ಸಾಂಡ್ರಾ ಮಾಡಿಬಿಟ್ಟರು. ಗಾಸ್, ಪಿಯಾಜ್ಜಿ, ಓಲ್ಬರ್ಸ್ ಅವರಿಗೂ ಇದೇ ಗತಿ: 1001 ಗಾಸಿಯಾ, 1000 ಪಿಯಾಜ್ಜಿಯಾ, 1002 ಓಲ್ಬರ್ಸಿಯಾ. ಆ ಹೊತ್ತಿಗೆ ಗಂಡು ಹೆಸರಿನ 433 ಎರೋಸ್ ಬಂದಾಗಿತ್ತು, ಆದರೂ ಹಳೇ ಅಭ್ಯಾಸ ಬೇಗ ಹೋಗಲಿಲ್ಲ. 2000 ಹರ್ಷೆಲ್, 2001 ಐನ್‌ಸ್ಟೈನ್ ಹೊತ್ತಿಗೆ ಬಾಲ ಉದುರಿತ್ತು.

ಹರ್ಷೆಲ್ ಅವರ ತಂಗಿ ಕ್ಯಾರೊಲಿನ್‌ಗೆ ಅಣ್ಣನಿಗಿಂತ ಎಷ್ಟೋ ಮೊದಲೇ ಹೆಸರು ಬಂದಿದೆ ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅವರ ನಡುಹೆಸರು ಲುಕ್ರೇಷಿಯಾ. 1888ರಲ್ಲಿ ಪಾಲಿಸಾ ಕಂಡ 281 ಲುಕ್ರೇಷಿಯಾ ಅವರದೇ.

ನಮ್ಮ ದೇಶದ ಯಾವ ವಿಜ್ಞಾನಿಗಳ ಹೆಸರಿದೆ? ಕರ್ನಾಟಕದ ನಂಟು ಏನಾದ್ರೂ ಇದೆಯಾ?

ಇದೆ, ಚೆನ್ನಾಗಿಯೇ ಇದೆ.

ಬೆಂಗಳೂರಿನ ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆ ಇದೆ. ಅದರ ವೀಕ್ಷಣಾಲಯ ತಮಿಳುನಾಡಿನ ಜವ್ವಾದು ಬೆಟ್ಟದ ಕಾವಲೂರಿನಲ್ಲಿದೆ. 1980ರ ದಶಕದಲ್ಲಿ ಆರ್. ರಾಜಮೋಹನ್ ಅಲ್ಲಿ 'ಕಲ್ಕಿ' ಅನ್ನುವ ಯೋಜನೆ ನಡೆಸಿದರು. ಸ್ಮಿಟ್ ದೂರದರ್ಶಕದಿಂದ ಆಕಾಶದ ಫೋಟೊ ತೆಗೆದು, ಅದರಲ್ಲಿ ಜಾಗ ಬದಲಿಸಿದ ಚುಕ್ಕಿಗಳನ್ನು ಹುಡುಕುವ ತಾಳ್ಮೆಯ ಕೆಲಸ. 1988ರ ಜನವರಿ, ಫೆಬ್ರವರಿಯಲ್ಲೇ ಒಂದರ ಹಿಂದೆ ಒಂದು ಸಿಕ್ಕವು. ಅದಕ್ಕೆ ಮುಂಚೆ ನಮ್ಮ ನೆಲದಿಂದ ಕ್ಷುದ್ರಗ್ರಹ ಸಿಕ್ಕಿದ್ದು ಮದರಾಸು ವೀಕ್ಷಣಾಲಯದ ನಾರ್ಮನ್ ಪಾಗ್‌ಸನ್ ಕಾಲದಲ್ಲಿ. ಅವರು 1861ರಲ್ಲಿ ಕಂಡ 67 ಏಷ್ಯಾ ಈ ಖಂಡದಿಂದ ಸಿಕ್ಕಿದ ಮೊದಲನೆಯದು, 1885ರ 245 ವೆರಾ ಅವರ ಕೊನೆಯದು. ನಡುವೆ ನೂರು ವರ್ಷಕ್ಕೂ ಜಾಸ್ತಿ ಖಾಲಿ.

ಕಾವಲೂರಿನಲ್ಲಿ ಸಿಕ್ಕಿದವುಗಳಲ್ಲಿ ಒಂದು 4130 ರಾಮಾನುಜನ್, ಗಣಿತದ ರಾಮಾನುಜನ್. ಇನ್ನೊಂದು 8348 ಭಟ್ಟಾಚಾರ್ಯ, ಸಂಸ್ಥೆಯ ನಿರ್ದೇಶಕರಾಗಿದ್ದ ಜೆ.ಸಿ. ಭಟ್ಟಾಚಾರ್ಯ. 1977ರಲ್ಲಿ ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾದುಹೋದಾಗ ಕಾವಲೂರಿನಿಂದ ಅದನ್ನು ಅಳೆದವರು ಅವರು. ಅದೇ ರಾತ್ರಿ ಯುರೇನಸ್‌ನ ಉಂಗುರಗಳು ಜಗತ್ತಿಗೆ ಗೊತ್ತಾದವು.

ಮೂರನೆಯದು ನನಗೆ ತುಂಬಾ ಇಷ್ಟ: 7564 ಗೋಕುಮೆನನ್. ಇದು ಎಂ.ಜಿ.ಕೆ. ಮೆನನ್. ಹುಟ್ಟಿದ್ದು 1928ರಲ್ಲಿ ಮಂಗಳೂರಿನಲ್ಲಿ. ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಉಪಕರಣ ಇಟ್ಟು ನ್ಯೂಟ್ರಿನೊ ಅನ್ನುವ ಅತಿ ಸೂಕ್ಷ್ಮ ಕಣ ಹಿಡಿಯುವ ಪ್ರಯೋಗ ನಡೆಸಿದವರಲ್ಲಿ ಮುಖ್ಯರು. 1965ರಲ್ಲಿ ಅಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು. ನೆಲದ ಕೆಳಗೆ ಎರಡು ಕಿಲೋಮೀಟರಿಗೂ ಆಳಕ್ಕೆ ಇಳಿದು ಆಕಾಶ ನೋಡಿದವರ ಹೆಸರು ಆಕಾಶದಲ್ಲಿದೆ. ಈ ಕಲ್ಲು 1988ರಲ್ಲೇ ಸಿಕ್ಕಿತ್ತು, ಅವರ ಹೆಸರು ಬಂದಿದ್ದು 2008ರಲ್ಲಿ. 20 ವರ್ಷ! ಮೇಲೆ ಕಾಯುವುದರ ಬಗ್ಗೆ ಹೇಳಿದ್ದು ಸುಮ್ನೆ ಅಲ್ಲ.

ಇವಲ್ಲದೆ ವಿಕ್ರಮ್ ಸಾರಾಭಾಯಿ ಅವರ 2987 ಸಾರಾಭಾಯಿ ಇದೆ. ಕಾವಲೂರನ್ನು ಕಟ್ಟಿದ ವೇಣು ಬಪ್ಪು ಅವರ 2596 ವೇಣು ಬಪ್ಪು ಇದೆ. ಈಚಿನವರಲ್ಲಿ ಉಲ್ಕೆಗಳ ಅಧ್ಯಯನ ಮಾಡುವ ಕೇರಳದ ಅಶ್ವಿನ್ ಶೇಖರ್. ಅವರ ಹೆಸರು 2023ರಲ್ಲಿ 33928 ಕ್ಷುದ್ರಗ್ರಹಕ್ಕೆ ಬಂತು.

ರಾಮಾನುಜನ್‌ಗೆ 1729 ನಂಬರೇ ಕೊಡಬಹುದಿತ್ತಲ್ವಾ?

ಗಣಿತದ ಮೇಷ್ಟ್ರೊಬ್ಬರು ಇದನ್ನು ಕೋಪದಿಂದಲೇ ಕೇಳಿದರು. ಎರಡು ಘನಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ, ರಾಮಾನುಜನ್ ಆಸ್ಪತ್ರೆಯ ಹಾಸಿಗೆಯಲ್ಲಿದ್ದುಕೊಂಡೇ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಗೆ ಹೇಳಿದ್ದು. ಏನು ಮಾಡುವುದು ಸಾರ್, ಕಾವಲೂರಿನ ಕಲ್ಲು ಸಿಗುವ ಹೊತ್ತಿಗೆ ಸಾಲು ನಾಲ್ಕು ಸಾವಿರದ ಹತ್ತಿರ ಬಂದಿತ್ತು. 1729 ಬೆರಿಲ್ ಅನ್ನುವ ಹೆಸರಿಗೆ ಹೋಗಿಯಾಗಿತ್ತು.

ಧೂಮಕೇತುವಿಗೆ ಕಂಡವರ ಹೆಸರೇ ಬರುತ್ತೆ. ಇದಕ್ಕೆ ಯಾಕಿಲ್ಲ?

ಎರಡು ಬೇರೆ ಸಂಪ್ರದಾಯ. ಧೂಮಕೇತುವಿಗೆ ಕಂಡವರ ಹೆಸರು ತಾನಾಗಿ ಅಂಟಿಕೊಳ್ಳುತ್ತದೆ. ಕ್ಷುದ್ರಗ್ರಹಕ್ಕೆ ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ಮರ್ಯಾದೆ ಅಲ್ಲ. ಇನ್ನೊಬ್ಬರು ಇಡಬೇಕು. ಒಂದು ಗಳಿಕೆ, ಇನ್ನೊಂದು ಉಡುಗೊರೆ.

ಎರಡೂ ಇರುವ ನಮ್ಮವರು ವೇಣು ಬಪ್ಪು. 1949ರಲ್ಲಿ ಹಾರ್ವರ್ಡ್‌ನಲ್ಲಿ ಓದುವಾಗ ಫೋಟೊದಲ್ಲಿ ಧೂಮಕೇತು ಗುರುತಿಸಿದರು. ಅದು ಬಪ್ಪು-ಬೋಕ್-ನ್ಯೂಕರ್ಕ್. ಕ್ಷುದ್ರಗ್ರಹವನ್ನು ಬೇರೆಯವರು ಕೊಟ್ಟರು.

ಬೆಂಗಳೂರಿನ ಹೈಸ್ಕೂಲ್ ಹುಡುಗಿಯ ಹೆಸರು ಗ್ರಹಕ್ಕೆ ಅಂತ ಪೇಪರಲ್ಲಿ ಓದಿದೆ. ವಿಜ್ಞಾನಿ ಆಗದೇನೇ ಹೇಗೆ?

ಅದು ನಿಜ, ಗ್ರಹ ಅನ್ನುವುದನ್ನು ಬಿಟ್ಟು. ಅಮೆರಿಕದ ಎಂಐಟಿಯ ಲಿಂಕನ್ ಪ್ರಯೋಗಾಲಯದ ಲೀನಿಯರ್ ಸಮೀಕ್ಷೆ ರಾಶಿ ರಾಶಿ ಕ್ಷುದ್ರಗ್ರಹ ಹಿಡಿದಿದೆ. ಅಷ್ಟಕ್ಕೂ ಎಲ್ಲಿಂದ ಹೆಸರು ತರುವುದು? ಅಂತಾರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಬಹುಮಾನ ಗೆದ್ದ ಶಾಲಾ ಮಕ್ಕಳಿಗೆ, ಅವರ ಟೀಚರುಗಳಿಗೆ ಕೊಡುತ್ತಾ ಬಂದರು. ಕರ್ನಾಟಕದ ಮಕ್ಕಳೂ ಅದರಲ್ಲಿದ್ದಾರೆ. ಇದು ಹೆಮ್ಮೆಯ ವಿಷಯವೇ. ಆದರೆ ಆ ಮಕ್ಕಳು ಕೆರೆ ನೀರಿನ ಮೇಲೋ ಇನ್ನಾವುದರ ಮೇಲೋ ಮಾಡಿದ ಪ್ರಾಜೆಕ್ಟಿನ ಬಗ್ಗೆ ಸುದ್ದಿಯಲ್ಲಿ ಒಂದೇ ಸಾಲು ಇರುತ್ತದೆ, ಗ್ರಹದ ಬಗ್ಗೆ ಹತ್ತು ಸಾಲು. ಅದು ಉಲ್ಟಾ ಆಗಬೇಕಿತ್ತು.

## ಇನ್ನೂ ಒಳಕ್ಕೆ

ನಮ್ಮ ಪ್ರೊಫೆಸರ್ ಹೆಸರು ಸೂಚಿಸಬೇಕು ಅಂತಿದೀವಿ. ಅರ್ಜಿ ಎಲ್ಲಿಗೆ ಹಾಕೋದು?

ಅರ್ಜಿ ನಮೂನೆ ಅಂತ ಸಾರ್ವಜನಿಕರಿಗೆ ಏನೂ ಇಲ್ಲ. ಕಲ್ಲು ಕಂಡವರಿಗೇ ಹಕ್ಕು, ಆದ್ದರಿಂದ ಅಂಥವರೊಬ್ಬರನ್ನು ಹಿಡಿಯಬೇಕು. ನಿಮ್ಮ ಪ್ರೊಫೆಸರ್ ಖಗೋಳದವರಾದರೆ ಅವರ ಶಿಷ್ಯರಲ್ಲೋ ಗೆಳೆಯರಲ್ಲೋ ಯಾರಿಗಾದರೂ ಸಮೀಕ್ಷೆಯವರ ಪರಿಚಯ ಇದ್ದೇ ಇರುತ್ತದೆ. ಕ್ಷುದ್ರಗ್ರಹ, ಧೂಮಕೇತು, ಉಲ್ಕೆಗಳ ಮೇಲೆ ಕೆಲಸ ಮಾಡುವವರ ದೊಡ್ಡ ಸಮ್ಮೇಳನದಲ್ಲಿ ಆ ಕ್ಷೇತ್ರದವರ ಹೆಸರುಗಳನ್ನು ಒಟ್ಟಿಗೆ ಘೋಷಿಸುವ ಪದ್ಧತಿಯೂ ಇದೆ.

ಹೋಗುವ ಮುಂಚೆ ಟಿಪ್ಪಣಿ ಬರೆದಿಟ್ಟುಕೊಳ್ಳಿ. ಇಂಥವರು, ಇಲ್ಲಿ ಕೆಲಸ ಮಾಡಿದರು, ಇದನ್ನು ಕಂಡುಕೊಂಡರು. 'ಮಹಾನ್', 'ಅಪ್ರತಿಮ', 'ಧೀಮಂತ' ಇವೆಲ್ಲ ಸನ್ಮಾನ ಪತ್ರಕ್ಕೆ ಇರಲಿ. ಪತ್ರವೊಂದರಲ್ಲಿ ಒಬ್ಬರು ನನಗೆ ಎರಡು ಪುಟ ಇಂಥದ್ದನ್ನು ಕಳಿಸಿದ್ದರು. ಓದಿ ಮುಗಿಸಿದರೂ ಆ ಮೇಷ್ಟ್ರು ಯಾವ ವಿಷಯ ಪಾಠ ಮಾಡುತ್ತಿದ್ದರು ಅಂತ ಗೊತ್ತಾಗಲಿಲ್ಲ.

ಹೆಸರಿಟ್ಟ ಕಲ್ಲನ್ನ ನೋಡಬಹುದಾ? ಯಾರಾದ್ರೂ ಹೋಗಿ ಬಂದಿದಾರಾ?

ಸಾಮಾನ್ಯವಾಗಿ ಬರಿಗಣ್ಣಿಗೆ ಕಾಣುವ ಅವಕಾಶ ಇರುವುದು ವೆಸ್ಟಾ ಒಂದಕ್ಕೆ, ಅದೂ ಕಗ್ಗತ್ತಲ ರಾತ್ರಿ, ಹತ್ತಿರ ಬಂದಾಗ. ವಿಜ್ಞಾನಿಗಳ ಹೆಸರಿನವು ಹೆಚ್ಚಾಗಿ ಮಂಗಳ ಮತ್ತು ಗುರು ಗ್ರಹಗಳ ನಡುವೆ ಸುತ್ತುವ ಕೆಲವೇ ಕಿಲೋಮೀಟರ್ ಅಗಲದ ಬಂಡೆಗಳು. ಸಾವನದುರ್ಗವನ್ನು ಕಿತ್ತು ಅಲ್ಲಿ ತೇಲಿಬಿಟ್ಟ ಹಾಗೆ ಅಂದುಕೊಳ್ಳಿ. ಮನೆಯ ಸಣ್ಣ ದೂರದರ್ಶಕಕ್ಕೆ ನಿಲುಕುವುದಿಲ್ಲ. ಅದು ಇವತ್ತು ಎಲ್ಲಿದೆ ಅಂತ ಮಾತ್ರ ನಾಸಾದ ಜೆಪಿಎಲ್ ಪ್ರಯೋಗಾಲಯದ ಜಾಲತಾಣದಲ್ಲಿ ಹೆಸರು ಹೊಡೆದು ನೋಡಬಹುದು.

ಹೋಗಿ ಬಂದವರಿದ್ದಾರೆ, ಮನುಷ್ಯರಲ್ಲ, ನೌಕೆಗಳು. ಜಪಾನಿನ ರಾಕೆಟ್ ಪಿತಾಮಹ ಹಿಡಿಯೊ ಇಟೊಕಾವಾ ಹೆಸರಿನ 25143 ಇಟೊಕಾವಾ ಅರ್ಧ ಕಿಲೋಮೀಟರ್ ಉದ್ದದ ಕಲ್ಲು. ಜಪಾನಿನ ಹಯಬುಸ ನೌಕೆ 2003ರಲ್ಲಿ ಹೊರಟಿತು. ಅದು ಹೊರಟ ಮೇಲೆ ಈ ಹೆಸರು ಬಂತು. 2005ರಲ್ಲಿ ಅಲ್ಲಿಗೆ ಮುಟ್ಟಿ, ದಾರಿಯುದ್ದಕ್ಕೂ ಕೆಟ್ಟು ಕೆಟ್ಟು, 2010ರಲ್ಲಿ ಅಲ್ಲಿನ ಧೂಳಿನ ಕಣಗಳನ್ನು ಭೂಮಿಗೆ ತಂದಿತು.

ಇನ್ನೊಂದು ಈಚಿನದು. 1974ರಲ್ಲಿ ಇಥಿಯೋಪಿಯಾದಲ್ಲಿ 'ಲೂಸಿ' ಅನ್ನುವ ಆದಿಮಾನವ ಪೂರ್ವಜೆಯ ಎಲುಬುಗಳನ್ನು ಕಂಡುಹಿಡಿದವರು ಡೊನಾಲ್ಡ್ ಜೊಹಾನ್ಸನ್. ಆ ಲೂಸಿಯ ಹೆಸರನ್ನು ನಾಸಾ ಒಂದು ನೌಕೆಗೆ ಇಟ್ಟಿತು. ನೌಕೆಯ ದಾರಿಯಲ್ಲಿ ಸಿಗುವ ಒಂದು ಕ್ಷುದ್ರಗ್ರಹಕ್ಕೆ 52246 ಡೊನಾಲ್ಡ್‌ಜೊಹಾನ್ಸನ್ ಅಂತ ಹೆಸರಾಯಿತು. 2025ರ ಏಪ್ರಿಲ್ 20ರಂದು ಲೂಸಿ ಅದರಿಂದ ಸುಮಾರು 960 ಕಿ.ಮೀ. ದೂರದಲ್ಲಿ ಹಾದು ಫೋಟೊ ತೆಗೆಯಿತು. ಸುಮಾರು 8 ಕಿ.ಮೀ. ಉದ್ದ, ನಡು ಸಣ್ಣ, ಥೇಟ್ ಎರಡು ಬೀಜದ ಕಡ್ಲೆಕಾಯಿ. ತನ್ನ ಹೆಸರಿನ ಕಲ್ಲಿನ ಮುಖ ನೋಡುವ ಯೋಗ ಎಷ್ಟು ಜನಕ್ಕೆ ಸಿಕ್ಕೀತು?

ಭೂಮಿಗೆ ಬಂದು ಬಡಿಯೋ ಅಂಥ ಕಲ್ಲಿಗೂ ವಿಜ್ಞಾನಿ ಹೆಸರಿಟ್ಟರೆ ಕಷ್ಟ ಅಲ್ವಾ?

'ಇಂಥವರು ಬಂದು ಬಡಿದರು' ಅಂತ ತಲೆಬರಹ ಬರುವ ಭಯವೇ? ಭೂಮಿಯ ಹತ್ತಿರ ಸುಳಿಯುವವುಗಳಿಗೆ ಪುರಾಣದ ಹೆಸರಿಡುವ ರೂಢಿ ಇದೆ. 2029ರ ಏಪ್ರಿಲ್ 13ರಂದು ನಮ್ಮಿಂದ ಸುಮಾರು 32,000 ಕಿ.ಮೀ. ಎತ್ತರದಲ್ಲಿ ಹಾದುಹೋಗಲಿರುವ ಅಪೋಫಿಸ್ ಈಜಿಪ್ಟಿನ ಪುರಾಣದ ಸರ್ಪ. ಬಡಿಯುವುದಿಲ್ಲ, ಹೆದರಬೇಡಿ. ಇಟೊಕಾವಾ ಕೂಡ ಭೂಮಿಯ ಹತ್ತಿರದ್ದೇ, ರೂಢಿ ಮೀರಿ ಬಂದ ಹೆಸರು. ಗುರು ಗ್ರಹದ ದಾರಿಯಲ್ಲೇ ಓಡಾಡುವ ಟ್ರೋಜನ್‌ಗಳಿಗೆ ಟ್ರಾಯ್ ಯುದ್ಧದ ವೀರರ ಹೆಸರು. ವೀರರು ಮುಗಿಯುತ್ತಾ ಬಂದ ಹಾಗೆ ಅವುಗಳಲ್ಲಿ ಚಿಕ್ಕವಕ್ಕೆ ಒಲಿಂಪಿಕ್ಸ್ ಆಟಗಾರರ ಹೆಸರೂ ಆಗಬಹುದು ಅಂತ ಒಪ್ಪಿದ್ದಾರೆ. ವಿಜ್ಞಾನಿಗಳ ಪಾಲಿಗೆ ಸಾಮಾನ್ಯವಾಗಿ ಉಳಿಯುವುದು ಮಂಗಳ, ಗುರು ಗ್ರಹಗಳ ನಡುವಿನ ಕ್ಷುದ್ರಗ್ರಹಗಳ ಪಟ್ಟಿ. ಅಲ್ಲಿ ಜಾಗಕ್ಕೆ ಬರವಿಲ್ಲ.

ಹೀಗೇ ಇಡ್ತಾ ಹೋದ್ರೆ ಎಲ್ಲದಕ್ಕೂ ಹೆಸರಿಟ್ಟು ಮುಗಿಯುತ್ತಾ?

ಮುಗಿಯುವ ಮಾತೇ ಇಲ್ಲ. ನಂಬರು ಸಿಕ್ಕಿದವು 7 ಲಕ್ಷ ದಾಟಿವೆ. ಹೆಸರಿರುವುದು ನೂರಕ್ಕೆ ಮೂರೋ ನಾಲ್ಕೋ ಅಷ್ಟೇ. ಒಬ್ಬ ಅನ್ವೇಷಕ ಅಥವಾ ಒಂದು ತಂಡ ಎರಡು ತಿಂಗಳಿಗೆ ಎರಡಕ್ಕಿಂತ ಜಾಸ್ತಿ ಹೆಸರು ಕಳಿಸಬೇಡಿ ಅಂತ ಸಮಿತಿಯೇ ಕೇಳಿಕೊಂಡಿದೆ, ಓದಿ ನೋಡಿ ತೀರ್ಮಾನಿಸಲು ಅವರಿಗೂ ಹೊತ್ತು ಬೇಕಲ್ಲ.

ಇದರ ಮೇಲೆ ಚಿಲಿಯಲ್ಲಿ ವೆರಾ ರೂಬಿನ್ ವೀಕ್ಷಣಾಲಯ ಕಣ್ಣು ತೆರೆದಿದೆ. 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ತೋರಿಸಿದಾಗಲೇ, ಸುಮಾರು ಹತ್ತು ಗಂಟೆಯ ನೋಟದಲ್ಲಿ 2,104 ಹೊಸ ಕ್ಷುದ್ರಗ್ರಹ ಸಿಕ್ಕಿದ್ದವು. ಪಾಲಿಸಾ ಇಡೀ ಜೀವಮಾನದಲ್ಲಿ ಹಿಡಿದಿದ್ದು 122. ಅಂದ ಹಾಗೆ ಖಗೋಳಜ್ಞೆ ವೆರಾ ರೂಬಿನ್ ಅವರ ಹೆಸರಿಗೂ ಒಂದು ಆಗಲೇ ಇದೆ: 5726 ರೂಬಿನ್.